ರಫಿ ಹಾಡಿದ ಒಂದು ಕನ್ನಡ ಹಾಡು

ಕಳೆದ ರಾಜ್ಯೋತ್ಸವದಂದು ನಮ್ಮ ಮಹಾಗಾಂವದಲ್ಲಿ ಧ್ವಜಾರೋಹಣ ಮುಗಿದ ಮೇಲೆ ಹುಡುಗರು ಧ್ವನಿವರ್ಧಕದಲ್ಲಿ ‘ಗಂಧದ ಗುಡಿ’ ಚಿತ್ರದ ಹಾಡನ್ನು ಹಾಕಿದ್ದರು. ನಮ್ಮ ನುಡಿಯನ್ನು ಕೊಂಡಾಡುವ ಆ ಹಾಡನ್ನು ಅರಿಯದ ಕನ್ನಡಿಗರು ವಿರಳ. ಪಕ್ಕದಲ್ಲಿ ನಿಂತಿದ್ದ ಕಾಲೇಜು ವಿದ್ಯಾರ್ಥಿಯೊಬ್ಬ, “ಸರ್, ಈ ಹಾಡು ಹಾಡಿದವರು ಯಾವೂರಿನವರ್ರಿ?” ಎಂದು ಕೇಳಿದ. ಪಿ.ಬಿ. ಶ್ರೀನಿವಾಸರು, ಹುಟ್ಟಿದ್ದು ಆಂಧ್ರದ ಕಾಕಿನಾಡದಲ್ಲಿ, ಮನೆಮಾತು ತೆಲುಗು ಎಂದೆ. ಹುಡುಗನ ಮುಖ ತುಸು ಬಾಡಿತು. “ಅಂದ್ರ ಅವರು ಕನ್ನಡದವರು ಅಲ್ಲೇನ್ರಿ?” ಎಂದ. ಆಗ ನನಗೆ ತಕ್ಕ ಉತ್ತರ ಒದಗಲಿಲ್ಲ. ಇಂದಿನ ಈ ಮಾತುಗಳು ಆ ಹುಡುಗನಿಗೆ ನಾನು ತಡವಾಗಿ ಒಪ್ಪಿಸುತ್ತಿರುವ ಉತ್ತರವೆಂದು ತಾವು ತಿಳಿಯಬೇಕು.

ಹಾಡು ಯಾರು ಬರೆದರು, ಯಾರು ರಾಗ ಹಾಕಿದರು, ಯಾವ ವರ್ಷ ಬಂತು ಎಂಬ ವಿಚಾರಗಳನ್ನು ನಾವು ಚಿಲ್ಲರೆ ಸಂಗತಿಗಳೆಂದು ಕರೆಯುತ್ತೇವೆ. ಬೇಸಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗಿ ಗೆಳೆಯರೊಡನೆ ಪಂಥ ಕಟ್ಟುವುದಕ್ಕಲ್ಲದೆ ಅವು ಬೇರೆ ಯಾವ ಕೆಲಸಕ್ಕೂ ಬಾರವೆಂದು ನಾನೂ ಬಹಳ ಕಾಲ ನಂಬಿದ್ದೆ. ಶಾಸನವನ್ನು ಓದುವಾಗ ನಾವು ಹಾಗೆ ನಡೆದುಕೊಳ್ಳುವುದಿಲ್ಲ. ದಾನ ಕೊಟ್ಟ ಅರಸನ ಹೆಸರನ್ನು ಓದಿದ ಹಾಗೆಯೇ ಕೊನೆಯ ಸಾಲಿನಲ್ಲಿರುವ ಕವಿಯ ಹೆಸರನ್ನೂ ಕಲ್ಲು ಕಡೆದ ರೂವಾರಿಯ ಹೆಸರನ್ನೂ ಓದುತ್ತೇವೆ. ಅವನು ಯಾವ ಊರಿನಿಂದ ಬಂದವನೆಂದು ವಿಚಾರಿಸುತ್ತೇವೆ. ಅರುವತ್ತರ ಮತ್ತು ಎಪ್ಪತ್ತರ ದಶಕಗಳ ಚಿತ್ರಗೀತೆಗಳಿಗೂ ಅದೇ ಗೌರವವನ್ನು ಸಲ್ಲಿಸಿ ನೋಡಿದರೆ ಏನು ಕಾಣುತ್ತದೆ ಎಂಬುದೇ ಇಂದಿನ ವಿಷಯ.

ಮೊದಲು ನಮ್ಮ ನೆಲದ ಮಾತನ್ನು ಹೇಳಬೇಕು. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಮಹಾಗಾಂವದ ತಿರುವು ಸಿಗುತ್ತದೆ. ಊರಿನ ಹೆಸರಿನಲ್ಲೇ ನೋಡಿ, ಕನ್ನಡದ ‘ಊರು’ ಇಲ್ಲ, ‘ಹಳ್ಳಿ’ ಇಲ್ಲ. ಮರಾಠಿಯ ‘ಗಾಂವ’ ಇದೆ. 1948ರ ಸೆಪ್ಟೆಂಬರಿನವರೆಗೆ ಈ ಸೀಮೆ ನಿಜಾಮರ ಆಳ್ವಿಕೆಗೆ ಸೇರಿತ್ತು. 1956ರ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯದಲ್ಲಿತ್ತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ, ಕಚೇರಿಯಲ್ಲಿ ಉರ್ದು, ಭಜನೆಯಲ್ಲಿ ಅಷ್ಟಿಷ್ಟು ಮರಾಠಿ, ಪೂರ್ವಕ್ಕೆ ನಡೆದಂತೆ ತೆಲುಗು: ಹೀಗೆ ದಿನಕ್ಕೆ ನಾಲ್ಕು ಭಾಷೆಗಳನ್ನು ದಾಟಿ ಬದುಕುವುದು ಇಲ್ಲಿಯ ಜನಕ್ಕೆ ಸಹಜವಾಗಿತ್ತು.

ನನ್ನ ತಂದೆಯವರು ಕಂದಾಯ ಕಚೇರಿಯಲ್ಲಿ ಕಾರಕೂನರಾಗಿದ್ದರು. ಮನೆಮಾತು ಕನ್ನಡ, ಓದಿದ್ದು ಉರ್ದು. ಅವರ ತಲೆಮಾರಿನ ಅನೇಕರದು ಇದೇ ಕತೆ. ಅಂದಿನ ಸರ್ಕಾರದ ವಿದ್ಯಾಭ್ಯಾಸ ಉರ್ದುವಿನಲ್ಲಿತ್ತು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನೂ ಅದೇ ಭಾಷೆಯಲ್ಲಿ ಕೊಡುತ್ತಿತ್ತು. ಏಕೀಕರಣವಾದ ಮೇಲೆ ಕಚೇರಿಯ ಕಾಗದಗಳು ಕನ್ನಡಕ್ಕೆ ಹೊರಳತೊಡಗಿದಾಗ ತಂದೆಯವರಿಗೆ ನಡುವಯಸ್ಸು ಸಮೀಪಿಸಿತ್ತು. ಕನ್ನಡವನ್ನು ಓದಬಲ್ಲವರಾದರು, ಬರೆಯುವಾಗ ಮಾತ್ರ ಕೈ ತಡೆಯುತ್ತಿತ್ತು. ರುಜುವನ್ನು ಕೊನೆಯವರೆಗೂ ಬಲದಿಂದ ಎಡಕ್ಕೆ ಹಾಕಿದರು. ತಾಯಿ ಕಲಿಸಿದ ಮಾತನ್ನು ಬರೆಯಲಾರೆನೆಂಬ ನಾಚಿಕೆ ಅವರನ್ನು ಬಿಡಲಿಲ್ಲ. ಈ ಸಂಗತಿಯನ್ನು ಹೇಳಲು ಕಾರಣವಿದೆ, ಮುಂದೆ ತಿಳಿಯುತ್ತದೆ.

ಇನ್ನು ಬಾನುಲಿಯ ವಿಷಯ. ನಿಜಾಮ ಸರ್ಕಾರದ ‘ಡೆಕ್ಕನ್ ರೇಡಿಯೊ’ ಹೈದರಾಬಾದಿನಿಂದ 1935ರಲ್ಲಿ ಮಾತನಾಡತೊಡಗಿತು. 1950ರಲ್ಲಿ ಅದು ಭಾರತ ಸರ್ಕಾರದ ಬಾನುಲಿಯೊಳಗೆ ಸೇರಿಹೋಯಿತು. ಅದೇ 1950ರಲ್ಲಿ ಧಾರವಾಡ ಕೇಂದ್ರವೂ 1955ರಲ್ಲಿ ಬೆಂಗಳೂರು ಕೇಂದ್ರವೂ ಆರಂಭವಾದವು. ಆದರೆ ಆ ಕಾಲದಲ್ಲಿ ಚಿತ್ರಗೀತೆಗೆ ಆಕಾಶವಾಣಿಯಲ್ಲಿ ಮರ್ಯಾದೆ ಇರಲಿಲ್ಲ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯನ್ನು ವಹಿಸಿಕೊಂಡ ಬಿ.ವಿ. ಕೇಸ್ಕರರು ಶಾಸ್ತ್ರೀಯ ಸಂಗೀತದ ಅಭಿಮಾನಿಗಳು. ಸಿನಿಮಾ ಹಾಡು ಅಭಿರುಚಿಯನ್ನು ಕೆಡಿಸುತ್ತದೆಂದು ನಂಬಿದವರು. ಅವರ ನೀತಿಯಿಂದ ಚಿತ್ರಗೀತೆಗಳು ಆಕಾಶವಾಣಿಯಿಂದ ಬಹುಮಟ್ಟಿಗೆ ಮರೆಯಾದವು. ಕೇಳುಗರು ಸುಮ್ಮನಿರಲಿಲ್ಲ, ಮುಳ್ಳನ್ನು ತಿರುಗಿಸಿದರು. ಸಮುದ್ರದಾಚೆಯ ರೇಡಿಯೊ ಸಿಲೋನ್ 1952ರ ಡಿಸೆಂಬರಿನಲ್ಲಿ ‘ಬಿನಾಕಾ ಗೀತಮಾಲಾ’ವನ್ನು ಆರಂಭಿಸಿತು. ಅಮೀನ್ ಸಯಾನಿಯವರ ಆ ಕಂಠಕ್ಕಾಗಿ ದೇಶಕ್ಕೆ ದೇಶವೇ ವಾರವಾರವೂ ಕಾದು ಕುಳಿತಿತು. ಸರ್ಕಾರ ತಪ್ಪನ್ನು ತಿದ್ದಿಕೊಂಡು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ತೆರೆಯುವ ಹೊತ್ತಿಗೆ ಐದು ವರ್ಷಗಳು ಕಳೆದಿದ್ದವು. ಆ ಐದು ವರ್ಷಗಳಲ್ಲಿ ನಮ್ಮ ಸೀಮೆಯ ಕಿವಿ ಪೂರ್ತಿಯಾಗಿ ಹಿಂದಿ ಹಾಡಿಗೆ ಒಗ್ಗಿತ್ತು. ಉರ್ದು ಬಲ್ಲ ಜನಕ್ಕೆ ಮಹಮ್ಮದ್ ರಫಿಯವರ ಒಂದೊಂದು ಮಾತೂ ಅರ್ಥವಾಗುತ್ತಿತ್ತು. ಮೈಸೂರು, ಮಂಡ್ಯಗಳ ಕಡೆಯವರಿಗೆ ರಫಿ ಒಂದು ಇಂಪಾದ ದನಿ ಮಾತ್ರವಾಗಿದ್ದಿರಬಹುದು. ನಮ್ಮವರಿಗೆ ಅವರು ಕವಿಯ ಮಾತನ್ನು ಬಿಡಿಸಿ ಹೇಳುವ ಗಮಕಿಯೂ ಆಗಿದ್ದರು.

1966ರ ನವೆಂಬರ್ 11ರಂದು ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಆಗ ನಗರದ ಹೆಸರು ಗುಲ್ಬರ್ಗ. ‘ಕಲಬುರಗಿ’ ಎಂಬ ಹಳೆಯ ಹೆಸರು ಅಧಿಕೃತವಾಗಿ ಮರಳಿ ಬಂದದ್ದು 2014ರ ನವೆಂಬರ್ 1ರಂದು. ಹತ್ತಿರದ ಕೇಂದ್ರವಾದ್ದರಿಂದ ದನಿ ಸ್ವಚ್ಛವಾಗಿ ಬರುತ್ತಿತ್ತು. ಸಿಲೋನಿನಂತೆ ಅಲೆ ಬಂದು ಅಲೆ ಹೋಗುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ದರ್ಜಿಯೊಬ್ಬರ ಅಂಗಡಿಯಲ್ಲಿ ರೇಡಿಯೊ ಇತ್ತು. ಆಗ ರೇಡಿಯೊ ಇಟ್ಟುಕೊಂಡವರು ವರ್ಷವರ್ಷವೂ ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತೆಂಬುದು ಇಂದಿನ ಹುಡುಗರಿಗೆ ನಂಬಲಾಗದ ಮಾತು. ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದ ಆ ದರ್ಜಿ ಲೈಸೆನ್ಸಿನ ಪುಸ್ತಕವನ್ನು ಹೊಲಿಗೆ ಯಂತ್ರದ ಸೆಳೆಖಾನೆಯಲ್ಲಿ ಜೋಪಾನವಾಗಿ ಇಟ್ಟಿರುತ್ತಿದ್ದರು. ತಂದೆಯವರು ಕಚೇರಿಯಿಂದ ಬಸ್ಸಿಳಿದು ಮನೆಗೆ ಬರುವ ಮೊದಲು ಆ ಅಂಗಡಿಯ ಕಟ್ಟೆಯ ಮೇಲೆ ಅರ್ಧ ತಾಸು ಕೂಡುವುದು ರೂಢಿ.

1971ರ ಸುಮಾರಿನ ಒಂದು ಸಂಜೆ. ನನಗೆ ಹನ್ನೆರಡು ವರ್ಷ. ಕನ್ನಡ ಚಿತ್ರಗೀತೆಗಳ ಕಾರ್ಯಕ್ರಮ ನಡೆದಿತ್ತು. ಒಂದು ಹಾಡು ಆರಂಭವಾದದ್ದೇ ತಡ, ಚಾಚಾ ಯಂತ್ರದ ಗಾಲಿಯನ್ನು ಕೈಯಿಂದ ಹಿಡಿದು ನಿಲ್ಲಿಸಿದರು. “ಕಾರಕೂನ ಸಾಬ್, ಇದು ರಫಿ ಸಾಬ್ ಅಲ್ಲೇನ್ರಿ?” ಎಂದರು. ತಂದೆಯವರು ತಲೆಯಾಡಿಸಿದರು, ಹಾಡು ಮುಗಿಯುವವರೆಗೆ ಇಬ್ಬರೂ ಮಾತನಾಡಲಿಲ್ಲ. ಉದ್ಘೋಷಕರು ಹೆಸರನ್ನು ಹೇಳಿದರು, ಅನುಮಾನ ತೀರಿತು. ತಂದೆಯವರು ನನ್ನ ಕಡೆ ತಿರುಗಿ, “ತಮ್ಮಾ, ಮತ್ತ ಬಂತಂದ್ರ ಇದರ ಸಾಲು ಹಿಡಿದಿಡು” ಎಂದರು.

ಆ ಹಾಡು ‘ನೀನೆಲ್ಲಿ ನಡೆವೆ ದೂರ’. 1967ರ ‘ಒಂದೇ ಬಳ್ಳಿಯ ಹೂಗಳು’ ಚಿತ್ರದ್ದು. ಮಹಮ್ಮದ್ ರಫಿಯವರು ಕನ್ನಡದಲ್ಲಿ ಹಾಡಿದ್ದು ಅದೊಂದೇ. ಚಿತ್ರದ ಹೆಸರನ್ನು ನೆನಪಿನಲ್ಲಿಟ್ಟುಕೊಂಡು ಅದನ್ನು ಕಟ್ಟಿದವರ ಹೆಸರುಗಳನ್ನು ನೋಡಿರಿ. ಸಾಹಿತ್ಯ ಗೀತಪ್ರಿಯರದು, ಅವರ ನಿಜನಾಮ ಲಕ್ಷ್ಮಣರಾವ್ ಮೋಹಿತೆ, ಮರಾಠಿ ಮನೆತನದವರು. ಸಂಗೀತ ತೆಲುಗು ನಾಡಿನ ಸತ್ಯಂ ಅವರದು. ದನಿ ಪಂಜಾಬದ ಕೋಟ್ಲಾ ಸುಲ್ತಾನ್ ಸಿಂಗ್ ಎಂಬ ಹಳ್ಳಿಯಲ್ಲಿ 1924ರಲ್ಲಿ ಹುಟ್ಟಿದವರದು. ಒಂದೇ ಬಳ್ಳಿಯ ಹೂಗಳು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಹಾಡು ಮಾತ್ರ ಅಚ್ಚ ಕನ್ನಡದ್ದು.

ಚಿತ್ರ ನಮ್ಮ ಕಡೆಯ ಟೂರಿಂಗ್ ಟಾಕೀಸುಗಳಿಗೆ ಬಂದದ್ದು ನನಗೆ ನೆನಪಿಲ್ಲ; ಆದ್ದರಿಂದ ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕವೂ ಸಿಗಲಿಲ್ಲ. ಹಾಡು ಬಾನುಲಿಯಲ್ಲಿ ಬಂದಾಗಲೆಲ್ಲ ಒಂದೊಂದು ಸಾಲನ್ನು ಹಿಡಿದು ಬರೆಯುತ್ತ ಹೋದೆ. ಪೂರ್ತಿಯಾಗುವುದಕ್ಕೆ ಒಂದು ಮಳೆಗಾಲ ಹಿಡಿಯಿತು. ಆಮೇಲೆ ನಾನು ಓದಿದೆ, ತಂದೆಯವರು ಉರ್ದು ಲಿಪಿಯಲ್ಲಿ ಬರೆದುಕೊಂಡರು. ಅಲ್ಲಿಗೆ ತೊಡಕು ಆರಂಭವಾಯಿತು. ಉರ್ದು ಲಿಪಿಯಲ್ಲಿ ನಮ್ಮ ಹ್ರಸ್ವ ಎಕಾರಕ್ಕೆ ಅಕ್ಷರವಿಲ್ಲ; ಹ್ರಸ್ವ ಒಕಾರಕ್ಕೂ ಇಲ್ಲ. ‘ನೀನೆಲ್ಲಿ ನಡೆವೆ’ ಎಂಬ ಎರಡೇ ಶಬ್ದಗಳಲ್ಲಿ ಮೂರು ಎಕಾರಗಳಿವೆ. ದೀರ್ಘವಾಗಿ ಬರೆದರೆ ‘ನಡೇವೇ’ ಆಗುತ್ತದೆ. ಅಕ್ಷರದ ಕೆಳಗೆ ‘ಜೇರ್’ ಎಂಬ ಗೀಟು ಹಾಕಿದರೆ ‘ನಡಿವಿ’ ಆಗುತ್ತದೆ. ತಂದೆಯವರು ‘ನಡಿವಿ’ಯನ್ನೇ ಆರಿಸಿಕೊಂಡು ನಕ್ಕರು. ‘ಮನೆ’ಯನ್ನು ‘ಮನಿ’ ಎನ್ನುವ, ‘ಕರೆ’ಯನ್ನು ‘ಕರಿ’ ಎನ್ನುವ ನಮ್ಮ ಕಲಬುರಗಿಯ ಬಾಯಿಗೆ ಉರ್ದುವಿನ ಆ ಗೀಟು ಮೈಸೂರಿನ ಎಕಾರಕ್ಕಿಂತ ಹತ್ತಿರದ್ದಾಗಿತ್ತು! ಣಕಾರ, ಳಕಾರಗಳಿಗೂ ಆ ಲಿಪಿಯಲ್ಲಿ ನೆಲೆಯಿಲ್ಲ; ಅವಕ್ಕೆ ಚುಕ್ಕೆಯಿಟ್ಟು ತಮ್ಮದೇ ಗುರುತು ಮಾಡಿಕೊಂಡರು.

ಬೇರೆ ನುಡಿಯ ಗಾಯಕರು ಹಾಡಿನ ಸಾಹಿತ್ಯವನ್ನು ತಮಗೆ ಬರುವ ಲಿಪಿಯಲ್ಲಿ ಬರೆದುಕೊಂಡು, ಪಕ್ಕದಲ್ಲಿ ಗುರುತುಗಳನ್ನು ಹಾಕಿಕೊಂಡು, ಬಲ್ಲವರಿಂದ ಉಚ್ಚಾರ ತಿದ್ದಿಸಿಕೊಂಡು ಹಾಡುವುದು ಧ್ವನಿಮುದ್ರಣ ಶಾಲೆಗಳ ಹಳೆಯ ವಾಡಿಕೆ. ನಮ್ಮ ಮನೆಯ ಕಂದೀಲಿನ ಬೆಳಕಿನಲ್ಲಿ ತಂದೆಯವರು ಮಾಡುತ್ತಿದ್ದುದು ಅದನ್ನೇ. ಅವರಿಗೂ ಆ ಗಾಯಕರಿಗೂ ಇದ್ದ ಅಂತರ ಇಷ್ಟೇ: ಅವರದು ಪರಭಾಷೆ, ಇವರದು ತಾಯಿನುಡಿ. ಅಷ್ಟಕ್ಕೇ ನಿಲ್ಲಲಿಲ್ಲ. ಉರ್ದುವಿನಲ್ಲಿ ಬರೆದದ್ದು ಕಿವಿಗೆ ಸರಿಬಾರದೆ, ನಾಲ್ಕು ದಿನ ಬಿಟ್ಟು ನನ್ನ ನೋಟುಪುಸ್ತಕವನ್ನು ಎದುರಿಗಿಟ್ಟುಕೊಂಡು ಅದೇ ಹಾಡನ್ನು ಕನ್ನಡ ಅಕ್ಷರಗಳಲ್ಲಿ ನಿಧಾನವಾಗಿ ಪ್ರತಿ ಮಾಡಿದರು. ಕಚೇರಿಯ ಕೆಲಸಕ್ಕಲ್ಲದೆ ತಮ್ಮ ಸಂತೋಷಕ್ಕಾಗಿ ಅವರು ಕನ್ನಡ ಬರೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೀಗೆ ಒಂದೆರಡು ಹಾಡಿಗಾಗಿ ನಮ್ಮ ಭಾಷೆಯ ಮನೆಗೆ ಬಂದುಹೋದ ಅತಿಥಿಗಳು ಇನ್ನೂ ಇದ್ದಾರೆ. ಅದೇ 1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರದಲ್ಲಿ ಲಕ್ಷ್ಮಣ ಬರ್ಲೇಕರರ ಸಂಗೀತದಲ್ಲಿ ಲತಾ ಮಂಗೇಶ್ಕರರು ಹಾಡಿದ್ದಾರೆ. ‘ಬೆಳ್ಳನೆ ಬೆಳಗಾಯಿತು’ ಎಂಬ ಹಾಡನ್ನು ಈಗಲೂ ಕೇಳಬಹುದು. 1972ರ ‘ಕುಳ್ಳ ಏಜೆಂಟ್ 000’ ಚಿತ್ರಕ್ಕಾಗಿ ಕಿಶೋರ್ ಕುಮಾರರು ರಾಜನ್–ನಾಗೇಂದ್ರರ ಸಂಗೀತದಲ್ಲಿ ‘ಆಡು ಆಟ ಆಡು’ ಎಂದು ಹಾಡಿದರು. ಕನ್ನಡದಲ್ಲಿ ಅವರದೂ ಅದೊಂದೇ. ಇದು ನಮ್ಮ ದೇಶದ ವಿಚಿತ್ರವೇನೂ ಅಲ್ಲ. ಲೋಕಪ್ರಸಿದ್ಧವಾದ ಇಂಗ್ಲೆಂಡಿನ ಬೀಟಲ್ಸ್ ತಂಡದವರು 1964ರ ಜನವರಿಯಲ್ಲಿ ಪ್ಯಾರಿಸಿನಲ್ಲಿ ಕುಳಿತು ತಮ್ಮ ಎರಡು ಹಾಡುಗಳನ್ನು ಜರ್ಮನ್ ಭಾಷೆಯಲ್ಲಿ ಮುದ್ರಿಸಿಕೊಟ್ಟರು. ಜರ್ಮನ್ ಮಾತಿಲ್ಲದೆ ತಟ್ಟೆಗಳು ಅಲ್ಲಿ ಮಾರಾಟವಾಗಲಾರವೆಂದು ಅಲ್ಲಿಯ ಕಂಪನಿ ಹಟ ಹಿಡಿದಿತ್ತು. ವ್ಯಾಪಾರದ ಲೆಕ್ಕದಿಂದ ಹುಟ್ಟಿದ ಹಾಡೂ ಕೇಳುವವರ ಮನಸ್ಸಿನಲ್ಲಿ ಬೇರೆ ಲೆಕ್ಕವನ್ನು ಬರೆಯಬಲ್ಲದು.

ಅತಿಥಿಗಳ ಮಾತಾಯಿತು, ಮನೆಯವರ ಮಾತೇನು? ಆ ಎರಡು ದಶಕಗಳ ಕನ್ನಡ ಚಿತ್ರಗೀತೆ ಬಹುಪಾಲು ಹುಟ್ಟಿದ್ದು ಮದರಾಸಿನಲ್ಲಿ. ಸ್ಟುಡಿಯೊಗಳು ಅಲ್ಲಿದ್ದವು, ವಾದ್ಯವೃಂದ ಅಲ್ಲಿತ್ತು; ಚಿತ್ರ ತೆಗೆಯುವವರೂ ಅಲ್ಲಿಗೇ ಹೋಗುತ್ತಿದ್ದರು. ಹಾಡುವವರೂ ಅಲ್ಲಿ ನೆಲೆಸಿದವರೇ. ಪಿ.ಬಿ. ಶ್ರೀನಿವಾಸರು ಕಾಕಿನಾಡದವರು, ಪಿ. ಸುಶೀಲಾ ವಿಜಯನಗರಂ ಕಡೆಯವರು, ಎಸ್. ಜಾನಕಿ ಗುಂಟೂರು ಸೀಮೆಯ ರೇಪಲ್ಲೆಯ ಬಳಿಯವರು. ವಾಣಿ ಜಯರಾಂ ವೆಲ್ಲೂರಿನವರು. ನೆಲ್ಲೂರು ಸೀಮೆಯ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ತೆಲುಗಿನಲ್ಲಿ ಮೊದಲ ಹಾಡು ಹಾಡಿದ ಕೆಲವೇ ದಿನಗಳಲ್ಲಿ ಕನ್ನಡಕ್ಕೆ ಬಂದರು. ಆ ಚಿತ್ರ ‘ನಕ್ಕರೆ ಅದೇ ಸ್ವರ್ಗ’, ತೆರೆಕಂಡದ್ದು ಮತ್ತೆ ಅದೇ 1967ರಲ್ಲಿ. ರಾಗ ಹಾಕಿದವರಲ್ಲಿ ವಿಜಯಭಾಸ್ಕರ್ ಅವರೂ ಮೈಸೂರಿನ ಸೋದರರಾದ ರಾಜನ್–ನಾಗೇಂದ್ರರೂ ಇಲ್ಲಿಯವರು, ಜಿ.ಕೆ. ವೆಂಕಟೇಶ್ ತೆಲುಗು ಮನೆಯವರು, ಉಪೇಂದ್ರಕುಮಾರ್ ಒಡಿಶಾದವರು. ಕಥಾನಾಯಕ ರಾಜ್‌ಕುಮಾರರ ಗಾಜನೂರು ಕೂಡ ಇಂದು ತಮಿಳುನಾಡಿನ ಗೆರೆಯೊಳಗಿದೆ.

ಈಗ ‘ಗಂಧದ ಗುಡಿ’ಗೆ ಮರಳೋಣ. ಆ ಚಿತ್ರ ಬಂದದ್ದು 1973ರಲ್ಲಿ. ‘ಮೈಸೂರು’ ಎಂದಿದ್ದ ರಾಜ್ಯದ ಹೆಸರು ‘ಕರ್ನಾಟಕ’ ಆದದ್ದೂ ಅದೇ 1973ರ ನವೆಂಬರ್ 1ರಂದು. ನಮ್ಮ ಸೀಮೆಯವರಿಗೆ ಆ ಹೆಸರಿನ ಬದಲಾವಣೆ ಸಣ್ಣದಾಗಿರಲಿಲ್ಲ. ಹದಿನೇಳು ವರ್ಷ ನಾವು ‘ಮೈಸೂರಿಗೆ ಸೇರಿದವರು’ ಆಗಿದ್ದೆವು, ಆ ದಿನದಿಂದ ಸೇರಿದವರೂ ಸೇರಿಸಿಕೊಂಡವರೂ ಒಂದೇ ಹೆಸರಿನವರಾದೆವು. ಆ ಹೊಸ ಹೆಸರಿನ ಸಂಭ್ರಮಕ್ಕೆ ದನಿಯಾಗಿ ಒದಗಿದ್ದು ಚಿ. ಉದಯಶಂಕರರ ಸಾಹಿತ್ಯ, ರಾಜನ್–ನಾಗೇಂದ್ರರ ಸಂಗೀತ, ಕಾಕಿನಾಡದವರ ಕಂಠ. ಶ್ರೀನಿವಾಸರು ಹಾಡಿ ಹೋದವರಷ್ಟೇ ಅಲ್ಲ. ಎಂಟು ಭಾಷೆಗಳಲ್ಲಿ ಕವಿತೆ ಬರೆದವರು, ಅವುಗಳಲ್ಲಿ ಕನ್ನಡವೂ ಒಂದು, ಉರ್ದುವೂ ಒಂದು. ರಾಜ್‌ಕುಮಾರರಿಗೆ ಸುಮಾರು ಎರಡು ದಶಕಗಳ ಕಾಲ ಹಾಡಿನ ದನಿಯಾಗಿದ್ದವರು ಅವರು.

ಮರುವರ್ಷವೇ, 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ, ಎಮ್ಮೆಯ ಮೇಲೆ ಕುಳಿತ ನಾಯಕ ಹಾಡುವ ಹಾಡನ್ನು ರಾಜ್‌ಕುಮಾರರೇ ಹಾಡಿದರು. ಹಾಡಬೇಕಾಗಿದ್ದ ಶ್ರೀನಿವಾಸರಿಗೆ ಆ ಹೊತ್ತಿಗೆ ಒದಗಲಾಗಲಿಲ್ಲವೆಂದೂ ಜಿ.ಕೆ. ವೆಂಕಟೇಶರು ರಾಜ್ ಅವರನ್ನೇ ನಿಲ್ಲಿಸಿ ಹಾಡಿಸಿದರೆಂದೂ ಹೇಳುತ್ತಾರೆ. ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ಕಂಠ ಅದು, ಜನ ಮಾರುಹೋದರು. ಅಲ್ಲಿಂದ ಮುಂದೆ ರಾಜ್ ಅವರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ನಮಗೆ ಅದು ಲಾಭ. 1992ರ ‘ಜೀವನ ಚೈತ್ರ’ದ ಹಾಡಿಗೆ ಅವರಿಗೆ ಗಾಯನದ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ಒಂದು ದನಿಗೆ ಬಾಗಿಲು ತೆರೆದ ದಿನವೇ ಇನ್ನೊಂದು ದನಿಗೆ ಬಾಗಿಲು ಸರಿಯತೊಡಗಿತೆಂಬುದನ್ನು ಚಿಲ್ಲರೆ ಸಂಗತಿಗಳನ್ನು ಕೂಡಿಡುವವನು ಮಾತ್ರ ಗಮನಿಸುತ್ತಾನೆ. ಶ್ರೀನಿವಾಸರು 2013ರಲ್ಲಿ ತೀರಿಕೊಂಡರು. ಅವರ ಹಾಡು ಪ್ರತಿ ನವೆಂಬರಿನಲ್ಲೂ ಊರೂರಿನಲ್ಲಿ ಮೊಳಗುತ್ತದೆ. ಹಾಡಿದವರು ಯಾರೆಂದು ಬಲ್ಲವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಾರೆ.

ಪಡುವಣದ ರಾಗಗಳೂ ನಮ್ಮ ಹಾಡಿನೊಳಗೆ ಬಂದದ್ದು ಆ ಕಾಲದಲ್ಲೇ. 1968ರ ‘ಜೇಡರ ಬಲೆ’ಯಿಂ��� ಮೊದಲಾದ ಗೂಢಚಾರನ ಚಿತ್ರಮಾಲೆಯ ಕೊನೆಯದು 1978ರ ‘ಆಪರೇಷನ್ ಡೈಮಂಡ್ ರಾಕೆಟ್’. ಅದರಲ್ಲಿ ಜಿ.ಕೆ. ವೆಂಕಟೇಶರ ಸಂಗೀತಕ್ಕೆ ರಾಜ್‌ಕುಮಾರರು ಒಂದು ಇಂಗ್ಲಿಷ್ ಹಾಡನ್ನೇ ಹಾಡಿದ್ದಾರೆ. ಹಳ್ಳಿಯ ಶಾಲೆಯನ್ನೂ ಪೂರ್ತಿಯಾಗಿ ಮುಗಿಸದ ನಟ ಪರಭಾಷೆಯನ್ನು ಅಕ್ಷರಕ್ಕೆ ಅಕ್ಷರ ಕಲಿತು ಹಾಡಿದ ಆ ಹಾಡನ್ನು ಕೇಳಿ ಇಂದಿನ ಹುಡುಗರು ನಗುತ್ತಾರೆ, ಮೆಚ್ಚುತ್ತಾರೆ. ರಫಿ ಕನ್ನಡಕ್ಕೆ ಪಟ್ಟ ಶ್ರಮವನ್ನೇ ಅವರು ಇಂಗ್ಲಿಷಿಗೆ ಪಟ್ಟಿದ್ದರು. ವೆಂಕಟೇಶರ ಬಳಿ ಗಿಟಾರು ನುಡಿಸುತ್ತ ಸಹಾಯಕರಾಗಿ ಹಲವು ಕನ್ನಡ ಚಿತ್ರಗಳಿಗೆ ದುಡಿದ ತಮಿಳುನಾಡಿನ ತರುಣ ಮುಂದೆ ಇಳಯರಾಜ ಎಂಬ ಹೆಸರಿನಿಂದ ಪ್ರಸಿದ್ಧರಾದರು. 1981ರಲ್ಲಿ ಶಂಕರ್ ನಾಗ್ ಅವರ ‘ಗೀತಾ’ ಚಿತ್ರಕ್ಕೆ ಅವರು ಕೊಟ್ಟ ಹಾಡುಗಳಲ್ಲಿ ಪಾಪ್ ಸಂಗೀತದ ತಾಳವೂ ಚಿ. ಉದಯಶಂಕರರ ಸರಳ ಕನ್ನಡವೂ ಜಗಳವಿಲ್ಲದೆ ಕೂಡಿಕೊಂಡಿವೆ. ‘ಜೊತೆಯಲಿ’ ಎಂಬ ಹಾಡಿನ ಧಾಟಿ ಆಮೇಲೆ ತಮಿಳಿಗೂ ಹೋಯಿತು. 2007ರ ‘ಚೀನಿ ಕಮ್’ ಚಿತ್ರದ ಮೂಲಕ ಹಿಂದಿಗೂ ಹೋಯಿತು. ರಫಿಯ ಹಾಡು ಬಂದ ದಾರಿಯಲ್ಲೇ ನಲವತ್ತು ವರ್ಷಗಳ ಮೇಲೆ ಇನ್ನೊಂದು ಹಾಡು ಎದುರು ದಿಕ್ಕಿಗೆ ನಡೆದಂತಾಯಿತು.

ಸಾಹಿತ್ಯದ ವಿದ್ಯಾರ್ಥಿಯಾಗಿ ಇನ್ನೊಂದು ಸಂಗತಿಯನ್ನು ಹೇಳದಿರಲಾರೆ. 1965ರ ‘ಮಿಸ್ ಲೀಲಾವತಿ’ ಚಿತ್ರದಲ್ಲಿ ಕುವೆಂಪು ಅವರ ದೋಣಿಯ ಹಾಡು ಬಂತು. 1967ರ ‘ಬೆಳ್ಳಿಮೋಡ’ದಲ್ಲಿ ಬೇಂದ್ರೆಯವರ ‘ಬೆಳಗು’ ಬಂತು. ನಾನು ಬೇಂದ್ರೆಯವರ ಕವಿತೆಯನ್ನು ಮೊದಲು ಕಂಡದ್ದು ಪುಸ್ತಕದಲ್ಲಲ್ಲ, ಕೇಳಿದ್ದು ದರ್ಜಿಯ ಅಂಗಡಿಯಲ್ಲಿ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಹೊರಬಂದ ಮೇಲೆ ಕವಿತೆ ಸಿನಿಮಾದ ಹಂಗನ್ನೂ ತೊರೆದು ಮನೆಮನೆಗೆ ನಡೆಯಿತು. ಗ್ರಂಥಾಲಯಗಳು ವಿರಳವಾಗಿದ್ದ ಸೀಮೆಗೆ ಇದು ಎಷ್ಟು ದೊಡ್ಡ ಉಪಕಾರವೆಂಬುದನ್ನು ಪುಸ್ತಕಗಳ ನಡುವೆ ಬೆಳೆದವರು ಅರಿಯುವುದು ಕಷ್ಟ.

ಉಪಕಾರವನ್ನು ನೆನೆಯುವಾಗ ಕೊರತೆಯನ್ನೂ ಮುಚ್ಚಿಡಬಾರದು. ಈ ಹಾಡುಗಳು ನಮಗೆ ಕನ್ನಡವನ್ನು ಕೊಟ್ಟವು, ನಮ್ಮ ಕನ್ನಡವನ್ನು ಕೊಡಲಿಲ್ಲ. ಪ್ರೇಮ, ವಿರಹ, ನಾಡಭಕ್ತಿ ಎಲ್ಲವೂ ಮೈಸೂರಿನ ಶಿಷ್ಟಭಾಷೆಯಲ್ಲಿ; ‘ಬರ್ಲಾಕತ್ತಾನ’ ಎನ್ನುವ ನಾಲಗೆಗೆ ತೆರೆಯ ಮೇಲೆ ಸಿಕ್ಕಿದ್ದು ಹೆಚ್ಚಾಗಿ ನಗಿಸುವ ಪಾತ್ರ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನೂ ಮೊಹರಮ್ಮಿನ ಅಲಾಯಿ ಪದಗಳನ್ನೂ ರಾತ್ರಿಯಿಡೀ ಹಾಡುವ ನೆಲ ಇದು. ಆ ಮಾತಿನ ಕಸುವು ಮದರಾಸಿನ ಸ್ಟುಡಿಯೊ ತಲುಪಲಿಲ್ಲ. ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ತಮ್ಮ ‘ಕಾಡು ಕುದುರೆ’ ಚಿತ್ರಕ್ಕೆ ತಾವೇ ಹಾಡು ಬರೆದು ತಾವೇ ರಾಗ ಹಾಕಿದಾಗ ಉತ್ತರದ ನುಡಿ ತಲೆಯೆತ್ತಿ ನಿಂತಿತು. ಆ ಹಾಡಿಗೆ 1979ರಲ್ಲಿ ಗಾಯನದ ರಾಷ್ಟ್ರಪ್ರಶಸ್ತಿ ಬಂತು. ಹಾಡಿದವರು ಯಾರು? ಮಲೆನಾಡಿನ ವಕೀಲರಾದ ಶಿವಮೊಗ್ಗ ಸುಬ್ಬಣ್ಣನವರು! ನಮ್ಮ ಕಡೆಯ ಮಾತಿಗೆ ಮಾನ ತಂದುಕೊಟ್ಟ ಕಂಠವೂ ನಮ್ಮ ಕಡೆಯದಾಗಿರಲಿಲ್ಲ. ಅದೂ ಕಲಿತು ಹಾಡಿದ ಕಂಠ.

ಇಷ್ಟು ಹೆಸರುಗಳನ್ನು ನಾನು ಎಲ್ಲಿ ಕಲಿತೆ? ಯಾವ ವಿಶ್ವವಿದ್ಯಾಲಯದಲ್ಲೂ ಅಲ್ಲ. ಹಾಡಿಗೆ ಮುನ್ನ ಬಾನುಲಿಯ ಉದ್ಘೋಷಕರು ಆಡುತ್ತಿದ್ದ ಒಂದು ವಾಕ್ಯದಿಂದ ಕಲಿತೆ. ಚಿತ್ರ ಇಂಥದು, ಸಾಹಿತ್ಯ ಇಂಥವರದು, ಸಂಗೀತ ಇಂಥವರದು, ಹಾಡಿದವರು ಇಂಥವರು. ಆ ವಾಕ್ಯಕ್ಕೆ ಹತ್ತು ಸೆಕೆಂಡು ಸಾಕು. ಅದೇ ನಮ್ಮ ಕಾಲದ ಹಾಡುಗಳ ಶಾಸನವಾಗಿತ್ತು. ಇಂದು ಅಂಗೈಯ ಫೋನಿನಲ್ಲಿ ಯಾವ ಹಾಡು ಬೇಕಾದರೂ ಸಿಗುತ್ತದೆ. ಒಂದು ಮಳೆಗಾಲ ಕಾಯಬೇಕಾಗಿಲ್ಲ. ಆದರೆ ತೆರೆಯ ಮೇಲೆ ನಾಯಕನ ಚಿತ್ರವಿರುತ್ತದೆ, ಕಂಪನಿಯ ಮುದ್ರೆಯಿರುತ್ತದೆ. ಬರೆದವರ ಹೆಸರು ಎಷ್ಟೋ ಸಲ ಇರುವುದಿಲ್ಲ, ಇದ್ದರೂ ಎಷ್ಟೋ ಸಲ ತಪ್ಪಾಗಿರುತ್ತದೆ. ಗೀತಪ್ರಿಯ, ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್, ಕು.ರ. ಸೀತಾರಾಮ ಶಾಸ್ತ್ರಿ: ಇವರೆಲ್ಲ ಬರೆದ ಮಾತುಗಳು ನಮ್ಮ ನಾಲಗೆಯ ಮೇಲಿವೆ, ಹೆಸರುಗಳು ಜಾರುತ್ತಿವೆ. ಹೆಸರು ಜಾರಿದ ಮೇಲೆ ಹಾಡು ಎಲ್ಲಿಂದ ಬಂತೆಂದು ಯಾರಿಗೂ ತಿಳಿಯುವುದಿಲ್ಲ. ತಿಳಿಯದಿದ್ದಾಗ, ಎಲ್ಲವೂ ಮೊದಲಿನಿಂದ ನಮ್ಮ ಮನೆಯಲ್ಲೇ ಹುಟ್ಟಿದ್ದೆಂದು ಬೀಗುವುದು ಸುಲಭವಾಗುತ್ತದೆ, ಮನೆಯವರಲ್ಲದವರನ್ನು ಬಾಗಿಲಲ್ಲಿ ನಿಲ್ಲಿಸುವುದೂ ಸುಲಭವಾಗುತ್ತದೆ.

ಆ ವಿದ್ಯಾರ್ಥಿಯ ಪ್ರಶ್ನೆಗೆ ಈಗ ಬರುತ್ತೇನೆ. ಅಪ್ಪಾ, ಹುಟ್ಟಿನ ಲೆಕ್ಕದಿಂದ ಪಿ.ಬಿ. ಶ್ರೀನಿವಾಸರು ಕನ್ನಡದವರಲ್ಲ, ನಿಜ. ಹುಟ್ಟಿನ ಲೆಕ್ಕದಿಂದ ಪೂರ್ತಿ ಕನ್ನಡದವರಾಗಿದ್ದ ನನ್ನ ತಂದೆಯವರು ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಾರದೆ ನಾಚುತ್ತಿದ್ದರು, ಅದೂ ನಿಜ. ಶ್ರೀನಿವಾಸರು ತಮ್ಮದಲ್ಲದ ಅಕ್ಷರವನ್ನು ಕಲಿತು ತಮ್ಮದು ಮಾಡಿಕೊಂಡರು. ತಂದೆಯವರು ತಮ್ಮದೇ ಆದ ಅಕ್ಷರವನ್ನು ನಲವತ್ತೈದರ ವಯಸ್ಸಿನಲ್ಲಿ ರಫಿಯವರ ಹಾಡನ್ನು ಹಿಡಿದು ಮರಳಿ ಪಡೆದರು. ಒಬ್ಬರು ಹೊರಗಿನಿಂದ ಬಂದರು, ಒಬ್ಬರು ಒಳಗೇ ಇದ್ದು ದಾರಿ ತಪ್ಪಿಸಿಕೊಂಡಿದ್ದರು. ಇಬ್ಬರೂ ಕನ್ನಡಕ್ಕೆ ಬಂದದ್ದು ಕಲಿಕೆಯ ಒಂದೇ ಬಾಗಿಲಿನಿಂದ. ಆ ಬಾಗಿಲನ್ನು ಕಿರಿದು ಮಾಡಿದರೆ ಹೊರಗೆ ಉಳಿಯುವವರಲ್ಲಿ ನಮ್ಮ ಅಪ್ಪಂದಿರೂ ಇರುತ್ತಾರೆ.

ಚಾಚಾ ಅವರ ಅಂಗಡಿ ಇಂದು ಇಲ್ಲ. ತಂದೆಯವರು ಕನ್ನಡದಲ್ಲಿ ಪ್ರತಿ ಮಾಡಿದ ಆ ಹಾಳೆ ನನ್ನ ಬಳಿ ಇದೆ. ‘ನಡೆವೆ’ ಎಂಬಲ್ಲಿ ಮೊದಲು ‘ನಡಿವಿ’ ಎಂದು ಬರೆದು, ಹೊಡೆದು, ಮೇಲೆ ತಿದ್ದಿದ್ದಾರೆ. ಕೆಳಗೆ ಉದ್ಘೋಷಕರು ಹೇಳಿದ ಕ್ರಮದಲ್ಲೇ ಚಿತ್ರ, ಸಾಹಿತ್ಯ, ಸಂಗೀತ, ಗಾಯನ ಎಂದು ನಾಲ್ಕು ಹೆಸರುಗಳನ್ನು ಬರೆದಿದ್ದಾರೆ. ಕೇಳುಗ ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟೇ: ತಮಗೆ ಪ್ರಿಯವಾದ ಹಳೆಯ ಹಾಡೊಂದನ್ನು ಮಕ್ಕಳಿಗೆ ಕೇಳಿಸುವಾಗ ಈ ನಾಲ್ಕು ಹೆಸರುಗಳನ್ನೂ ಹೇಳಿ. ಚಿಲ್ಲರೆ ಸಂಗತಿಯೆಂದು ಅವರು ನಕ್ಕರೂ ಚಿಂತೆಯಿಲ್ಲ, ಹೇಳಿ.